ತೊಟ್ಟಿಲ ಮೇಲಿನ ತಗಡು

ಹೊಸ ಉರಿಗಾಂ, ಮಂಗಳ ಗ್ರಹ
ಆಷಾಢ ಮಾಸದ ಐವತ್ತೊಂದನೆಯ ದಿನ

ವನಜಾಕ್ಷಿ ಅಜ್ಜಿಗೆ, ನಿನ್ನ ಮರಿಮೊಮ್ಮಗಳ ಮಗಳು ಕನಕವಲ್ಲಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡ. ಇಲ್ಲಿಯ ವರ್ಷ ನಿಮ್ಮದರ ಹತ್ತಿರ ಹತ್ತಿರ ಎರಡರಷ್ಟು. ಹೊಸ ತಿಂಗಳುಗಳಿಗೆ ಹೆಸರಿಡುವ ತಾಳ್ಮೆ ಯಾರಿಗೂ ಇರಲಿಲ್ಲವಂತೆ, ಇದ್ದ ಹನ್ನೆರಡನ್ನೇ ಎಳೆದು ಉದ್ದ ಮಾಡಿಕೊಂಡರು. ಹಾಗಾಗಿ ನಮ್ಮ ಆಷಾಢ ಮುಗಿಯುವುದೇ ಇಲ್ಲ. ನಾನು ಬರೆಯುತ್ತಿರುವುದು ಇಲ್ಲಿಗೆ ಬರುವ ಹಡಗನ್ನು ಇನ್ನೂ ಹತ್ತದ, ಮದುವೆಯೂ ಆಗದ ಹುಡುಗಿಯಾದ ನಿನಗೆ. ಮಂಡಿನೋವಿನ ಹೆಂಗಸೊಬ್ಬಳು ನಿನ್ನನ್ನು ಅಜ್ಜಿ ಎನ್ನುತ್ತಿದ್ದಾಳೆ. ಅದಕ್ಕೂ ಕ್ಷಮೆ ಇರಲಿ. ನನ್ನ ಮಾತಿನಲ್ಲಿ ನಿನಗೆ ತಿಳಿಯದ ಪದಗಳು ಬರುತ್ತವೆ, ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಈ ಪತ್ರ ನಿನ್ನನ್ನು ತಲುಪುವ ದಾರಿಯಿಲ್ಲ ಎನ್ನುವುದೂ ಗೊತ್ತು. ಆದರೂ ಮನಸ್ಸು ಭಾರವಾದಾಗ ಹಿಂದಿನವರಿಗೆ ಬರೆಯುವುದು ಇಲ್ಲಿಯ ರೂಢಿ. ಎದುರುತ್ತರ ಬರುವುದಿಲ್ಲವಲ್ಲ, ಅದೊಂದು ಸುಖ.

ನಾವು ಮಣ್ಣಿನ ಕೆಳಗೆ ಬದುಕುತ್ತೇವೆ. ನಿನ್ನ ಮುತ್ತಾತಂದಿರು ಚಿನ್ನಕ್ಕಾಗಿ ಕೋಲಾರದ ಗಣಿಗೆ ಇಳಿದರು, ನಾವು ಆಕಾಶಕ್ಕೆ ಹೆದರಿ ಇಳಿದಿದ್ದೇವೆ. ಬೆಳಿಗ್ಗೆ ಎದುರಾದವರನ್ನು ನೀವು ತಿಂಡಿ ಆಯ್ತಾ ಎಂದು ಕೇಳುವಂತೆ ನಾವು ಮಿಣುಕಿತಾ ಎಂದು ಕೇಳುತ್ತೇವೆ. ಮಿಣುಕು ಎಂದರೆ ಕಣ್ಣು ಮುಚ್ಚಿದ್ದಾಗ ಒಳಗೆ ಫಕ್ಕನೆ ಹೊಳೆದು ಮಾಯವಾಗುವ ಬೆಳಕಿನ ಗೆರೆ. ಆಕಾಶದ ಕಣವೊಂದು ಕಣ್ಣಿನ ಮೂಲಕ ಹಾದುಹೋಯಿತು ಎಂದು ಅರ್ಥ. ಹೌದು ಎಂದರೆ ಕೇಳಿದವರು ತಮ್ಮ ಲೋಟದ ಕಾಫಿಯಲ್ಲಿ ಒಂದಿಷ್ಟು ಬಗ್ಗಿಸಿ ಕೊಡಬೇಕು. ಕಾಫಿ ಎನ್ನುವುದು ಹುರಿದ ಬಾರ್ಲಿಯ ಕಷಾಯ, ಹೆಸರು ಮಾತ್ರ ಉಳಿದಿದೆ. ಮುದ್ದೆ ಮಾತ್ರ ನಿಜವಾದ ರಾಗಿಯದೇ. ದೀಪದ ಬೆಳಕಿನಲ್ಲಿ ಬೆಳೆದ ರಾಗಿ, ಸ್ವಲ್ಪ ಸಪ್ಪೆ.

ನನ್ನ ಕೆಲಸ ಎಳೆ ನೋಡುವುದು. ಊರಿನವರ ರಕ್ತದ ಹನಿಯನ್ನು ಯಂತ್ರದಡಿ ಇಟ್ಟು, ಜೀವಕೋಶದೊಳಗಿನ ಎಳೆ ಎಲ್ಲಿ ಕಡಿದಿದೆ ಎಂದು ಹುಡುಕುತ್ತೇನೆ. ನೀವು ಡಿಎನ್‌ಎ ಎನ್ನುತ್ತೀರಲ್ಲ, ಅದೇ. ಎರಡು ಎಳೆ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಒಂದು ಕಡಿದರೆ ಚಿಂತೆಯಿಲ್ಲ, ಜೊತೆಯದನ್ನು ನೋಡಿಕೊಂಡು ಕೋಶವೇ ದುರಸ್ತಿ ಮಾಡಿಕೊಳ್ಳುತ್ತದೆ. ಎಕ್ಸ್‌ರೇ ಮಾಡುವ ಗಾಯ ಬಹುಪಾಲು ಅಂಥದ್ದು, ಅಲ್ಲೊಂದು ಇಲ್ಲೊಂದು. ಆಕಾಶದಿಂದ ಬರುವ ಅಯಾನು ಹಾಗಲ್ಲ. ಅದು ತನ್ನ ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಪರಮಾಣುವಿನ ತಿರುಳು. ಕೆಲವು ಕಬ್ಬಿಣದವು, ಬಲು ಭಾರ. ನೆಟ್ಟಗೆ ನುಗ್ಗುತ್ತಾ ದಾರಿಯ ಅಣುಗಳಿಂದೆಲ್ಲ ಎಲೆಕ್ಟ್ರಾನುಗಳನ್ನು ಕಿತ್ತು ಎಸೆಯುತ್ತದೆ. ಸುತ್ತಲಿನ ನೀರಿನ ಅಣುಗಳೂ ಒಡೆದು, ಆ ಚೂರುಗಳು ಹೋಗಿ ಎಳೆಯನ್ನು ಕಚ್ಚುತ್ತವೆ. ಒಂದೇ ಜಾಗದಲ್ಲಿ ಎರಡೂ ಎಳೆಗಳು ಹಲವು ತುಂಡಾಗುತ್ತವೆ. ಸೀರೆಯ ನೂಲು ಎದ್ದರೆ ಸೂಜಿಯಿಂದ ಸರಿಮಾಡಬಹುದು, ಊದುಬತ್ತಿಯ ಕಿಡಿ ಬಿದ್ದು ತೂತಾದರೆ ಏನು ಮಾಡುತ್ತೀ? ಕೋಶ ಪಾಪ, ಕೈಗೆ ಸಿಕ್ಕ ತುದಿಗಳನ್ನು ಸೇರಿಸಿ ಗಂಟು ಹಾಕುತ್ತದೆ. ಸತ್ತುಹೋದ ಕೋಶದ ಭಯ ನನಗಿಲ್ಲ. ತಪ್ಪು ಗಂಟಿನೊಂದಿಗೇ ಬದುಕಿ, ಒಂದು ಎರಡಾಗಿ ಎರಡು ನಾಲ್ಕಾಗುವ ಕೋಶವಿದೆಯಲ್ಲ, ಮುಂದೆ ಕ್ಯಾನ್ಸರ್ ಆಗುವುದು ಅದೇ. ದಿನವೂ ಇದನ್ನು ನೋಡಿ ನೋಡಿ ನನಗೆ ಸಾಕಾಗಿದೆ, ಅಜ್ಜಿ.

ಈ ಕಣದ ಇನ್ನೊಂದು ಬುದ್ಧಿ ಹೇಳುತ್ತೇನೆ. ಜೋರಾಗಿ ಓಡುವಾಗ ಅದು ಸುಡುವುದು ಕಡಿಮೆ. ವೇಗ ತಗ್ಗಿದಷ್ಟೂ ಹೆಚ್ಚು ಸುಡುತ್ತದೆ, ನಿಲ್ಲುವ ಮುಂಚಿನ ಗಳಿಗೆಯಲ್ಲಂತೂ ಎಲ್ಲಕ್ಕಿಂತ ಹೆಚ್ಚು. ನಮ್ಮ ಊರಿನ ತಪ್ಪು ನಡೆದಿರುವುದು ಇಲ್ಲೇ.

ನಿಮ್ಮನ್ನು ಕರೆತಂದ ಹಡಗನ್ನು ಆಮೇಲೆ ಬಿಚ್ಚಿ ಹಂಚಿಕೊಂಡರಂತೆ, ಮನೆಗೊಂದು ತಗಡು. ಇಷ್ಟು ದೂರ ನಮ್ಮನ್ನು ಕಾಪಾಡಿತು, ಮಕ್ಕಳನ್ನೂ ಕಾಪಾಡಲಿ ಎಂದು ತೊಟ್ಟಿಲ ಮೇಲೆ ಕಟ್ಟಿದರು. ಅದೇ ಶಾಸ್ತ್ರವಾಯಿತು. ಬಾಣಂತಿಯ ತಾಯಿ ತಗಡನ್ನು ತೊಳೆದು, ಅರಿಶಿನ ಹಚ್ಚಿ, ತನ್ನ ಕೈಯಾರೆ ಕಟ್ಟಬೇಕು. ತೊಟ್ಟಿಲುಗಳಿರುವುದು ಮೇಲಿನ ಹಜಾರದಲ್ಲಿ. ಒಂದಿಷ್ಟು ಬಿಸಿಲು ಬೀಳುವುದು ಅಲ್ಲಿ ಮಾತ್ರ, ಮಣ್ಣಿನ ಹೊದಿಕೆ ತೆಳುವಾಗಿರುವುದೂ ಅಲ್ಲೇ. ಮಣ್ಣು ದಾಟಿ ಅರ್ಧ ಸುಸ್ತಾಗಿ ಬಂದ ಕಣ ಮಗುವನ್ನು ಹಾದು ಆಚೆ ಹೋಗಬಹುದಿತ್ತು. ತಗಡಿಗೆ ಅದನ್ನು ತಡೆಯುವಷ್ಟು ದಪ್ಪವಿಲ್ಲ, ನಿಧಾನ ಮಾಡುವಷ್ಟು ಮಾತ್ರ ಇದೆ. ಹಾಗಾಗಿ ಕಣ ಮಗುವಿನ ಮೈಯೊಳಗೆ ಬಂದು ನಿಲ್ಲುತ್ತದೆ. ಇಲ್ಲವೇ ತಗಡಿನಲ್ಲೇ ಸಿಡಿದು, ಚೂರುಚೂರಾಗಿ ಕೆಳಗೆ ಸುರಿಯುತ್ತದೆ. ಇದಕ್ಕೆ ನಾವು ತಲೆಮಾರುಗಳಿಂದ ಅರಿಶಿನ ಹಚ್ಚುತ್ತಾ ಬಂದಿದ್ದೇವೆ.

ನಾನು ಹುಟ್ಟುವ ಮೊದಲು ನೀರಿನ ಕೊಳವೆಗಳ ಅಭಾವ ಬಂದಾಗ ಕೆಲವು ಮನೆಗಳವರು ತಗಡನ್ನು ಕರಗಿಸಿ ಕೊಳವೆ ಮಾಡಲು ಕೊಟ್ಟಿದ್ದರು. ಅವರ ಮಕ್ಕಳು ಬರಿಯ ಬಟ್ಟೆಯ ಕೆಳಗೆ ಮಲಗಿ ಬೆಳೆದರು. ಅವರ ರಕ್ತವನ್ನೂ ನಮ್ಮದನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗಲೇ ನನಗೆ ಇದು ಹೊಳೆದದ್ದು. ನಮ್ಮ ಎಳೆಗಳಲ್ಲಿ ಗಂಟುಗಳು ಹೆಚ್ಚು. ನನ್ನ ತಮ್ಮ ರಂಗಧಾಮ ತಗಡಿನ ಕೆಳಗೆ ಬೆಳೆದ, ನಾನೂ ಬೆಳೆದೆ. ನನ್ನನ್ನು ಯಾಕೆ ಬಿಟ್ಟಿತೋ ಗೊತ್ತಿಲ್ಲ, ಅವನ ರಕ್ತ ಕೆಟ್ಟಿತು. ಮೀಸೆ ಮೂಡುವ ಮುಂಚೆಯೇ ಹೋದ. ಅವನು ಹಾಸಿಗೆ ಹಿಡಿದಾಗ ಅಮ್ಮ ಅದೇ ತಗಡನ್ನು ತಂದು ಅವನ ಮಂಚದ ಮೇಲೂ ಕಟ್ಟಿದ್ದಳು.

ಈಗ ನನ್ನ ಮಗಳು ಚಂಪಕಾ ತುಂಬು ಬಸುರಿ. ತಗಡು ಕಟ್ಟುವ ಸರದಿ ನನ್ನದು. ನಾನು ಕಟ್ಟುವುದಿಲ್ಲ ಎಂದೆ, ಕಾರಣವನ್ನೂ ಬಿಡಿಸಿ ಹೇಳಿದೆ. ತೊಟ್ಟಿಲ ಸುತ್ತ ನೀರಿನ ಚೀಲಗಳನ್ನು ದಪ್ಪಕ್ಕೆ ಒಟ್ಟೋಣ, ಕಣವನ್ನು ತಗ್ಗಿಸಲು ನೀರೇ ವಾಸಿ, ಚೂರುಗಳೂ ಕಡಿಮೆ, ನನ್ನ ಪಾಲಿನ ಸ್ನಾನದ ನೀರನ್ನೂ ಕೊಡುತ್ತೇನೆ ಎಂದೆ. ಅವಳು ದಡ್ಡಿಯಲ್ಲ, ಎಲ್ಲ ಅರ್ಥವಾಯಿತು. ಆದರೂ ಎದ್ದು ಹೋಗಿ ತಗಡನ್ನು ತಂದು ನನ್ನ ತೊಡೆಯ ಮೇಲಿಟ್ಟಳು. ಅದರ ಮೂಲೆಯಲ್ಲಿ ನೀನು ಮೊಳೆಯಿಂದ ಗೀಚಿದ ನಿನ್ನ ಹೆಸರಿದೆ. ಅದರ ಮೇಲೆ ಬೆರಳಾಡಿಸಿದಳು.

“ಅಮ್ಮ, ಭೂಮಿ ಕಂಡ ಕೈ ಮುಟ್ಟಿರೋದು ಅಂತ ನಮ್ಮನೇಲಿ ಇರೋದು ಇದೊಂದೇ. ಇದ್ನೂ ಕಟ್ದೇ ಇದ್ರೆ ನನ್ ಮಗು ಯಾರ್ ಕಡೇದು ಅಂತ ಹೇಳ್ಲಿ?”

“ಬದ್ಕಿದ್ರೆ ತಾನೇ ಹೇಳೋದು,” ಎಂದುಬಿಟ್ಟೆ.

ಅಂದಿನಿಂದ ನಮ್ಮಿಬ್ಬರಲ್ಲಿ ಮಾತು ಕಡಿಮೆ. ನಾನು ಕಟ್ಟದಿದ್ದರೆ ತನ್ನ ಅತ್ತೆಯ ಕೈಯಲ್ಲಿ ಕಟ್ಟಿಸುತ್ತಾಳಂತೆ. ಅವಳಿಲ್ಲದ ಹೊತ್ತು ನೋಡಿ ತಗಡನ್ನು ಕುಲುಮೆಗೆ ಒಯ್ದೆ. ಕುಲುಮೆಯವನು ತಿರುಗಿಸಿ ನೋಡಿದ, ಹೆಸರು ಕಂಡ, ಕಣ್ಣಿಗೆ ಒತ್ತಿಕೊಂಡು ವಾಪಸ್ ಕೊಟ್ಟ. ಅಭಾವದ ಕಾಲದಲ್ಲೂ ಹೆಸರಿಲ್ಲದ ತಗಡುಗಳನ್ನಷ್ಟೇ ಕರಗಿಸಿದ್ದರಂತೆ. ಹಿರಿಯರ ಹೆಸರಿಗೆ ಬೆಂಕಿ ಇಡುವ ಪದ್ಧತಿ ನಮ್ಮಲ್ಲಿಲ್ಲ. ನಾನು ಮತ್ತೆ ಅದನ್ನು ಹೊತ್ತುಕೊಂಡು ಮನೆಗೆ ಬಂದೆ.

ಅದಕ್ಕೇ ನಿನ್ನನ್ನು ಬೇಡಿಕೊಳ್ಳುತ್ತಿದ್ದೇನೆ. ಹಡಗಿನಲ್ಲಿ ಬೇಸರದ ತಿಂಗಳುಗಳು ಬರುತ್ತವೆ. ಜೊತೆಯವರು ಮೊಳೆ ಹಿಡಿದು ಮಲಗುವ ಜಾಗದ ಪಕ್ಕ ಹೆಸರು ಗೀಚಲು ಶುರುಮಾಡುತ್ತಾರೆ. ನಿನ್ನ ಕೈಗೂ ಮೊಳೆ ಕೊಡುತ್ತಾರೆ. ಗೀಚಬೇಡ. ಆಸೆಯಾಗುತ್ತದೆ, ನನಗೆ ಗೊತ್ತು. ಊರು ಬಿಟ್ಟು ಅಷ್ಟು ದೂರ ಬಂದವಳ ಹತ್ತಿರ ಹೆಸರಲ್ಲದೆ ಇನ್ನೇನು ಉಳಿದಿರುತ್ತದೆ? ಆದರೂ ಮೊಳೆಯನ್ನು ಪಕ್ಕದವರಿಗೆ ದಾಟಿಸಿ ಸುಮ್ಮನೆ ಮಲಗಿಬಿಡು. ಆಗ ನಮ್ಮ ಮನೆಯ ತಗಡೂ ಎಂದೋ ಕೊಳವೆಯಾಗಿರುತ್ತದೆ. ರಂಗಧಾಮ ಇರುತ್ತಾನೆ. ಚಂಪಕಾ ನನ್ನ ಜೊತೆ ಮಾತು ಬಿಟ್ಟಿರುವುದಿಲ್ಲ, ಅವಳ ಮಗು ನೀರಿನ ಚೀಲಗಳ ನಡುವೆ ಮಲಗುತ್ತದೆ. ನೀನು ಯಾರೆಂದು ಮಾತ್ರ ನಮ್ಮಲ್ಲಿ ಯಾರಿಗೂ ತಿಳಿದಿರುವುದಿಲ್ಲ. ಮನಸ್ಸು ಭಾರವಾದ ದಿನ ಪತ್ರ ಬರೆಯಲು ಕುಳಿತರೆ, ಯಾರಿಗೆ ಬರೆಯಬೇಕೆಂದು ನನಗೂ ಗೊತ್ತಾಗುವುದಿಲ್ಲ. ಅದಕ್ಕೆ ನಾನು ಒಪ್ಪಿದ್ದೇನೆ, ಅಜ್ಜಿ. ನೀನೂ ಒಪ್ಪಿಬಿಡು.

ಇಂತಿ,
ಕನಕವಲ್ಲಿ