ಸಡಿಲ ಬೆಲ್ಟಿನ ಸಿಡಿಲಣ್ಣ

ಮಾರ್ಚ್ 3, ರಾತ್ರಿ ಹನ್ನೊಂದೂವರೆ

...ರೆಕಾರ್ಡ್ ಆಗ್ತಿದ್ಯಾ? ಮೆಲ್ಲಗೆ ಮಾತಾಡ್ತಿದೀನಿ. ಪಕ್ಕದ ಮಂಚದಲ್ಲಿ ಭಾವನ ಗೊರಕೆ. ಅತ್ತೆ ಮಗ, ಅವನ ರೂಮು, ಹಾಗಾಗಿ ಗೊರಕೆ ಹೊಡೆಯೋ ಹಕ್ಕೂ ಅವಂದೇ.

ಇವತ್ತೂ ಲಾಂಡ್ರೀಲಿ ಬೆಡ್‌ಶೀಟು, ಗುಡ್ಡೆ ಗುಡ್ಡೆ. ಮಿಷಿನ್ ಸದ್ದಲ್ಲಿ ಗಂಟಲು ಹರಿಯೋ ಹಾಗೆ ಹಾಡ್ಕೊಂಡೆ. ಯಾರಿಗೂ ಕೇಳ್ಸಲ್ಲ ಅಂದ್ಕೊಂಡಿದ್ದೆ. ಡ್ರೈಯರ್ ರಿಪೇರಿಗೆ ಬಂದಿದ್ದ ಎಲೆಕ್ಟ್ರಿಶಿಯನ್ ತಿರುಗಿ ನೋಡ್ದ. "ಏನೋ, ಸಿಡಿಲಣ್ಣನ ಹಾಡಾ?"

ಅವನು ಡ್ರಮ್ಸ್ ಬಾರಿಸ್ತಾನಂತೆ! ನಮ್ಮ ರಾಕ್ ಸ್ಟಾರ್ ಸಿಡಿಲಣ್ಣ ತೀರ್ಕೊಂಡು ವರ್ಷ ತುಂಬೋ ದಿನ ದೊಡ್ಡ ಹಾಲ್‌ನಲ್ಲಿ ಶೋ. ಬರೀ ಅಣ್ಣನ ಹಾಡು. ಹಾಡೋನು ಕೈ ಕೊಟ್ಟಿದಾನೆ. "ಭಾನುವಾರ ಬಾ, ನೋಡೋಣ" ಅಂದ.

ನೋಡೋದೇನು. ಆ ಜಾಗ ನಂದೇ. ಊರಲ್ಲಿ ಅಪ್ಪನ ಟೇಪ್ ರೆಕಾರ್ಡರಲ್ಲಿ ಕೇಳಿ ಕೇಳಿ ಕ್ಯಾಸೆಟ್ಟೇ ಸವೆಸಿದೋನು ನಾನು.

ಮಾರ್ಚ್ 8, ರಾತ್ರಿ ಹನ್ನೊಂದು

ಥೂ.

ನಾನು ಎಲ್ಲಾ ಹಾಡೂ ನಿಧಾನ ಹಾಡಿದ್ನಂತೆ. ಸ್ವರಾನೂ ಕೆಳಗಂತೆ. ಡ್ರಮ್ಮಣ್ಣ, ಅದೇ ಆ ಎಲೆಕ್ಟ್ರಿಶಿಯನ್, ಕಡ್ಡಿ ಕೆಳಗಿಟ್ಟ. "ಏನಪ್ಪಾ, ಸಿಡಿಲಣ್ಣಂಗೆ ಜ್ವರ ಬಂದಿತ್ತಾ?" ಎಲ್ಲರೂ ನಕ್ರು. ಮೊಬೈಲಲ್ಲಿ ಒರಿಜಿನಲ್ ಹಾಕ್ದ. "ಇದು ಯಾರೋ ಕದ್ದು, ಸ್ಪೀಡ್ ಮಾಡಿ ಬಿಟ್ಟಿರೋದು" ಅಂತ ಜಗಳಕ್ಕೇ ನಿಂತೆ. ಇಷ್ಟು ವರ್ಷ ಹಾಗೇ ನಂಬಿದ್ದೆ. ನೆಟ್ಟಲ್ಲಿರೋದೆಲ್ಲಾ ತಪ್ಪು, ನನ್ನ ಕ್ಯಾಸೆಟ್ಟೊಂದೇ ಸರಿ ಅಂತ!

ಅಪ್ಪಂಗೆ ಫೋನ್ ಮಾಡ್ದೆ. "ಹೂಂ ಕಣೋ, ಆ ಟೇಪ್ ರೆಕಾರ್ಡರ್ ಬೆಲ್ಟು ಸಡಿಲ, ನಿಧಾನ ಓಡೋದು. ನಿಮ್ಮಮ್ಮನ ಕ್ಯಾಸೆಟ್ಟೂ ಆಕಳಿಸ್ಕೊಂಡು ಹಾಡ್ತಿತ್ತು. ನಿಂಗೆ ಗೊತ್ತಿರ್ಲಿಲ್ವಾ?"

ಗೊತ್ತಿರ್ಲಿಲ್ವಾ ಅಂತೆ!

ಇನ್ನೊಂದು ಚಾನ್ಸ್ ಕೊಟ್ಟಿದಾರೆ. ಸರಿಯಾದ ಸ್ಪೀಡಲ್ಲಿ ಕಲೀತೀನಿ. ನಾನಲ್ದೆ ಇನ್ಯಾರು.

ಮಾರ್ಚ್ 19, ಹನ್ನೆರಡು ಹೊಡೀತು

ಕಲಿತೆ. ಸೆಲೆಕ್ಟ್ ಆದೆ!

ಆದ್ರೆ... ಭಾವಂಗೆ ಎರಡೂ ಥರ ಹಾಡಿ ತೋರಿಸ್ದೆ. ದಿನವಿಡೀ ಬಸ್ ಓಡಿಸಿ ಬಂದು ಬಿಸಿನೀರಲ್ಲಿ ಕಾಲಿಟ್ಟು ಕೂತಿದ್ದ. "ಫಾಸ್ಟಾಗಿ ಹಾಡಿದ್ದು ಥೇಟ್ ಅವನ ಥರಾನೇ ಇದೆ ಕಣೋ. ನಿಧಾನಕ್ಕೆ ಹಾಡಿದ್ದು ಯಾರ ಥರಾನೂ ಇಲ್ಲ."

ಬೈದನಾ, ಹೊಗಳಿದನಾ? ಕೇಳೋಷ್ಟರಲ್ಲಿ ನಿದ್ದೆ ಹೋದ. ಕಾಲು ಬಕೆಟ್ಟಲ್ಲೇ.

ಮಾರ್ಚ್ 22, ಗಂಟೆ ನೋಡಿಲ್ಲ

ಕೊನೇ ಹಾಡು ನನ್ನ ಸ್ಪೀಡಲ್ಲಿ, ನಿಧಾನಕ್ಕೆ ಹಾಡ್ಲಾ ಅಂತ ಕೇಳ್ದೆ. ಡ್ರಮ್ಮಣ್ಣ ಕೆಂಡವಾದ. "ತಲೆ ಕೆಟ್ಟಿದ್ಯಾ? ಬರೋರೆಲ್ಲಾ ಸಿಡಿಲಣ್ಣನ ಭಕ್ತರು. ಚೂರು ಆಚೀಚೆ ಆದ್ರೂ ಚಪ್ಪಲಿ ಬೀಳುತ್ತೆ. ಒಪ್ಪಿದ್ರೆ ಹಾಡು, ಇಲ್ಲಾಂದ್ರೆ ಬೇರೆಯವನು ರೆಡಿ ಇದಾನೆ."

ಹೂಂ ಅಂದೆ.

ನಿದ್ದೆ ಬರ್ತಿಲ್ಲ. ಸಿಡಿಲಣ್ಣ ಯಾರಿಗಾದ್ರೂ ಹೂಂ ಅಂದಿದ್ನಾ? ಹಾಡು ಬದಲಾಯ್ಸು ಅಂದ ಕ್ಯಾಸೆಟ್ ಕಂಪನಿಯವರ ಎದುರೇ ಗಿಟಾರ್ ಹೆಗಲಿಗೆ ಹಾಕ್ಕೊಂಡು ಎದ್ದು ಬಂದೋನು. ಅದಕ್ಕೇ ತಾನೇ ನಾನವನಿಗೆ ಮನಸೋತಿದ್ದು?

ಏಪ್ರಿಲ್ 6, ರಾತ್ರಿ ಹತ್ತೂಕಾಲು, ಸ್ಟೇಜ್ ಹಿಂದೆ

ಉಸ್ಸಪ್ಪಾ... ಶರ್ಟು ಹಿಂಡಿದ್ರೆ ಬಕೆಟ್ ತುಂಬುತ್ತೆ. ಒಂದು ಹಾಡು ಬಾಕಿ. ಹೊರಗೆ "ಸಿಡಿಲಣ್ಣ! ಸಿಡಿಲಣ್ಣ!" ಅಂತ ಕೂಗ್ತಿದಾರೆ. ಒಬ್ಬನೂ ನನ್ನ ಕೂಗ್ತಿಲ್ಲ. ಅದೇ ಸರಿ, ಅವನ ರಾತ್ರಿ ಇದು.

ಈಗಷ್ಟೇ ಹೇಳ್ಬಿಟ್ಟೆ. "ಕೊನೇದು ನಾನೊಬ್ನೇ ಶುರು ಮಾಡ್ತೀನಿ, ನನ್ನ ಲೆಕ್ಕದಲ್ಲಿ. ಬೇಕಾದ್ರೆ ಬಾರ್ಸು, ಇಲ್ಲಾಂದ್ರೆ ಸುಮ್ನಿರು."

ಡ್ರಮ್ಮಣ್ಣ ಗುರಾಯಿಸ್ದ. "ಚಪ್ಪಲಿ ಬಿದ್ರೆ?"

"ಜೋಡಿ ಬಿದ್ರೆ ನಮ್ಮ ಭಾವಂಗಾಗುತ್ತೆ."

ನಗು ನುಂಗ್ಕೊಂಡ. ಕಡ್ಡಿ ಎತ್ಕೊಂಡ. ಇಲ್ಲೇ ಪಕ್ಕದಲ್ಲಿ ತೊಡೆ ಮೇಲೆ ತಟ್ತಿದಾನೆ, ಕೇಳ್ತಿದ್ಯಾ... ಊಹೂಂ, ನಿಧಾನ. ಇನ್ನೂ ಚೂರು ನಿಧಾನ, ಅಣ್ಣಾ... ಹಾಂ, ಅದೇ. ಅದೇ—