ಮಾಳಿಗೆಗೆ ಬರುವ ಗಿಳಿಗಳು

ಜನವರಿ 6, ಬೆಳಿಗ್ಗೆ

ಗಿಳಿಗಳು ತಿಂದು ಹೋದವು. ನವಣೆ ಪೂರ್ತಿ ಖಾಲಿ. ಶೇಂಗಾ ಸಿಪ್ಪೆ ಮಾಳಿಗೆ ತುಂಬಾ. ಗುಡಿಸಿ, ಫಿನಾಯಿಲ್ ಹಾಕಿ ತೊಳೆದೆ. ಲ್ಯಾಬಿಗೆ ಹೊರಡುವಷ್ಟರಲ್ಲಿ ಗೇಟಿನ ಹತ್ತಿರ ಪಕ್ಕದ ಮನೆ ಓಬಣ್ಣ. ಕೈಯಲ್ಲಿ ಒಂದು ಜೀನ್ಸ್ ಪ್ಯಾಂಟು. ಅವರದು ಕೆಳಗೆ ಹೊಲಿಗೆ ಯೂನಿಟ್ಟು, ಮೇಲೆ ಎರಡನೇ ಅಂತಸ್ತಿನ ಮಾಳಿಗೆಯಲ್ಲಿ ತೊಳೆದು ಒಣಹಾಕುವುದು. ಪ್ಯಾಂಟಿನ ತೊಡೆಯ ಮೇಲೆ ಬಿಳಿ ಹಿಕ್ಕೆ.

"ಇದನ್ನ ಪಾರ್ಟಿ ತಗೊಂತಾನೇನ್ರಿ ಮೇಡಂ?"

"ಒಂದು ಸಲ ನೀರಲ್ಲಿ ಅದ್ದಿದ್ರೆ ಹೋಗ್ತೈತೆ," ಅಂದೆ.

"ನಿಮ್ಮ ಮಡಕಶಿರದಾಗ ಹೋಗ್ತಿರಬೇಕು. ಇಲ್ಲಿ ಹೋಗಂಗಿಲ್ಲ."

ಮದುವೆಯಾಗಿ ಈ ರಾಯದುರ್ಗಕ್ಕೆ ಬಂದು ಎಷ್ಟು ವರ್ಷವಾಯಿತು. ಇನ್ನೂ ಮಡಕಶಿರದವಳೇ. ಹಕ್ಕಿ ಹಿಕ್ಕೆಗೂ ನನ್ನ ತವರಿಗೂ ಏನು ಸಂಬಂಧ? ಕಾಗೆ ಕೂರುವುದಿಲ್ಲವೇ ಅವರ ತಂತಿ ಮೇಲೆ? ಪಾರಿವಾಳ? ಹಿಕ್ಕೆ ಬಿದ್ದರೆ ಸಾಕು, ಶ್ರೀಲತಾಳ ಗಿಳಿಯದೇ.

ಜನವರಿ 9

ನಮ್ಮ ಹಿಂಬದಿಯ ಮನೆ ಹನುಮಂತು ಮೇಲೆ ಬಂದಿದ್ದ. ಗೂಡ್ಸ್ ಆಟೋ ಓಡಿಸುತ್ತಾನೆ. ಒಂದು ಚೀಲ ನವಣೆ ತಂದುಕೊಟ್ಟ.

"ನಮ್ಮ ಕಡೀಂದನೂ ಇರ್ಲಿ ಅಕ್ಕಾ. ಪುಣ್ಯದ ಕೆಲಸ."

ಎಷ್ಟು ಹೊತ್ತಿಗೆ ಬರುತ್ತವೆ, ಯಾವ ದಿಕ್ಕಿನಿಂದ, ಯಾವ ಕಾಳಿಗೆ ಮೊದಲು ಬಾಯಿ ಹಾಕುತ್ತವೆ — ಮಗು ಕೇಳಿದ ಹಾಗೆ ಕೇಳಿದ. ಖುಷಿಯಾಗಿ ಎಲ್ಲ ಹೇಳಿದೆ. ಕೋಟೆ ಗುಡ್ಡದ ಕಡೆಯಿಂದ ಕಿರುಚುತ್ತ ಬರುತ್ತವೆ, ಮೊದಲು ನಿಮ್ಮ ನೀರಿನ ಟ್ಯಾಂಕಿನ ಮೇಲೆ ಕೂತು ನೋಡುತ್ತವೆ, ಆಮೇಲೆ ನನ್ನ ಪ್ಯಾರಾಪೆಟ್ಟಿಗೆ... ಇಡೀ ಓಣಿಯಲ್ಲಿ ಮನಸ್ಸು ಅಂತ ಇರುವವನು ಇವನೊಬ್ಬ.

ಜನವರಿ 13, ಭೋಗಿ

ಗಿಳಿ ಕೂತಿವೆ, ಕಾಳಿಗೆ ಕೊಕ್ಕು ಹಾಕಿವೆ. ಪಕ್ಕದ ಮಾಳಿಗೆಯಲ್ಲಿ ಪಟಾಕಿ ಸರ. ಎಲ್ಲಾ ಚೆಲ್ಲಾಪಿಲ್ಲಿ.

"ಹಬ್ಬ ಅಲ್ಲೇನ್ರಿ," ಅಂತ ಓಬಣ್ಣ ಮೇಲಿನಿಂದ.

ಜನವರಿ 17

ಸಂಕ್ರಾಂತಿ ಮುಗಿಯಿತು, ಮರುದಿನದ ಕನುಮ ಹಬ್ಬವೂ ಮುಗಿಯಿತು. ಓಬಣ್ಣನ ಹಬ್ಬ ಮುಗಿದಿಲ್ಲ. ದಿನಾ ಅದೇ ಹೊತ್ತಿಗೆ ಢಂ.

ಮಾರುತಿಗೆ ಹೇಳಿದರೆ, "ಸುಮ್ಕಿರು ಅಂದ್ರ ಕೇಳಂಗಿಲ್ಲ ನೀ. ಅವ್ರೂ ಹೊಟ್ಟಿಪಾಡಿಗೆ ಮಾಡ್ತಾರ." ಡ್ಯೂಟಿಗೆ ಹೋದ. ಬಸ್ಸು ಓಡಿಸುವವನಿಗೆ ಊರವರೆಲ್ಲ ಬೇಕು. ಹೆಂಡತಿ ಪರ ನಿಲ್ಲಲು ಟೈಮಿಲ್ಲ.

ಜನವರಿ 20

ಓಬಣ್ಣ ಕಂಪ್ಲೇಂಟ್ ಬೇರೆ ಕೊಟ್ಟಿದ್ದಾನೆ. ಓಣಿಯ ಸ್ವಚ್ಛತೆ ನೋಡಿಕೊಳ್ಳುವ ವಾರ್ಡಿನ ಸಚಿವಾಲಯದ ಕಚೇರಿಯಿಂದ ಒಬ್ಬರು ಬಂದು ಮಾಳಿಗೆ ನೋಡಿದರು. ಹಿಕ್ಕೆಯಿಂದ ಉಸಿರಿನ ಕಾಯಿಲೆ ಬರುತ್ತದಂತೆ. ಲ್ಯಾಬಿನಲ್ಲಿ ಕೆಲಸ ಮಾಡುವ ನನಗೆ ಇಷ್ಟೂ ತಿಳಿಯದೇ ಅಂತ ಕೇಳಿದರು. ತಿಳಿಯುತ್ತದೆ, ಅದಕ್ಕೇ ದಿನಾ ತೊಳೆಯುತ್ತೇನೆ ಅಂದೆ. ನೆಲ ಮುಟ್ಟಿ ನೋಡಿ ಅಂದೆ. ಮುಟ್ಟಲಿಲ್ಲ. ನನ್ನ ಗೇಟಿನ ಮುಂದೆ ಚರಂಡಿ ಕಟ್ಟಿಕೊಂಡು ಕಪ್ಪಗೆ ನಿಂತಿದೆ. ಅದನ್ನು ದಾಟಿಕೊಂಡೇ ಒಳಗೆ ಬಂದರು, ದಾಟಿಕೊಂಡೇ ಹೋದರು. ಅದು ಅವರ ಕಣ್ಣಿಗೆ ಕಾಯಿಲೆಯಲ್ಲ.

ಜನವರಿ 27

ಬರೆಯಲು ಮನಸ್ಸಿರಲಿಲ್ಲ. ಗಿಳಿಗಳು ಕಡಿಮೆಯಾಗಿವೆ. ಪ್ಯಾರಾಪೆಟ್ ತುಂಬಾ ಕೂರುತ್ತಿದ್ದವು, ಈಗ ಒಂದು ಮೂಲೆಗೆ ಸಾಕು. ಬಂದವೂ ಹೆದರಿ ಹೆದರಿ ತಿನ್ನುತ್ತವೆ.

ಸಂಜೆ ಓಣಿಯ ಚರಂಡಿಯಲ್ಲಿ ಹಸಿರು ಗರಿ. ಒಂದೆರಡಲ್ಲ, ಹಿಡಿ ತುಂಬಾ. ಪಟಾಕಿಗೆ ಗರಿ ಉದುರುವುದಿಲ್ಲ.

ಓಬಣ್ಣನೇ ವಿಷ ಹಾಕಿದ್ದಾನೆ. ಇನ್ಯಾರು ಹಾಕುತ್ತಾರೆ?

"ಕಣ್ಣಿಲೆ ನೋಡದ ಅನಬ್ಯಾಡ," ಅಂದ ಮಾರುತಿ. ನೋಡಲು ಇನ್ನೇನು ಉಳಿದಿದೆ.

ಜನವರಿ 29, ಮಧ್ಯಾಹ್ನ

ಲ್ಯಾಬಿಗೆ ರಜೆ ಹೇಳಿದೆ.

ಬೆಳಿಗ್ಗೆ ನೇರ ಅವರ ಯೂನಿಟ್ಟಿಗೆ ಹೋದೆ. ಮಿಷಿನ್ ಮೇಲೆ ಹೆಣ್ಣುಮಕ್ಕಳು ಕೂತಿದ್ದರು. ಓಬಣ್ಣನ ಹೆಂಡತಿ ಗಂಗಕ್ಕ ಗುಂಡಿ ಹಚ್ಚುತ್ತಿದ್ದಳು. ಎಲ್ಲರ ಮುಂದೆಯೇ ಓಬಣ್ಣನನ್ನು ಕೇಳಿದೆ. "ಮೂಕ ಹಕ್ಕಿಗೆ ವಿಷ ಹಾಕಿದ ಕೈಯಲ್ಲಿ ಅನ್ನ ಹೆಂಗೆ ತಿಂತೀಯಪ್ಪಾ?"

ಒಂದೊಂದೇ ಮಿಷಿನ್ ನಿಂತಿತು. ಗಂಗಕ್ಕ ತಲೆ ತಗ್ಗಿಸಿದಳು. ಓಬಣ್ಣ ಬೈಯುತ್ತಾನೆ ಅಂದುಕೊಂಡಿದ್ದೆ. ಬೈಯಲಿಲ್ಲ.

"ಮ್ಯಾಲ ಬರ್ರಿ," ಅಂದ.

ಹತ್ತಿದೆ. ಒದ್ದೆ ಪ್ಯಾಂಟುಗಳ ಸಾಲು ಸರಿಸಿಕೊಂಡು ಆ ಕಡೆಯ ಗೋಡೆಗೆ ಹೋದೆವು. ನನ್ನ ಮಾಳಿಗೆಯಿಂದ ನೋಡಿದರೆ ಹನುಮಂತುವಿನ ನೀರಿನ ಟ್ಯಾಂಕು ಅಡ್ಡ. ಇಲ್ಲಿಂದ ಅಡ್ಡವಿಲ್ಲ. ಟ್ಯಾಂಕಿನ ಹಿಂದೆ ಎರಡು ಬಿದಿರು ಗಳ, ನಡುವೆ ಬಲೆ. ಕೆಳಗೆ ಒಂದು ಗಿಳಿ, ಕಾಲಿಗೆ ದಾರ. ಅದು ಕೂಗಿದರೆ ಉಳಿದವು ಇಳಿಯಬೇಕು. ಅದರ ಮುಂದೆ ನವಣೆ ಚೆಲ್ಲಿತ್ತು. ಪಕ್ಕದಲ್ಲಿ ನೀಲಿ ತಾಡಪಾಲು, ಅದರಡಿ ಪಂಜರಗಳು. ಹಸಿರು ಹಸಿರು, ತುರುಕಿದ ಹಾಗೆ.

ಪುಣ್ಯದ ಕೆಲಸ ಅಂದಿದ್ದ. ಹೊತ್ತು, ದಿಕ್ಕು, ಕಾಳು, ಎಲ್ಲ ನಾನೇ ಹೇಳಿಕೊಟ್ಟೆ.

"ಯಾವಾಗಿಂದ ಗೊತ್ತಿತ್ತು ನಿಮಗೆ?"

"ಹಬ್ಬ ಆದ ಮರುದಿನದಿಂದ."

"ಯಾಕೆ ಹೇಳಲಿಲ್ಲ?"

"ಹಕ್ಕಿ ಕಡಿಮಿ ಆದ್ರ ನನಗ ಚಲೋನ ಅಲ್ಲೇನ್ರಿ. ನಾ ಯಾಕ ಹೇಳ್ಲಿ? ಇವತ್ತು ವಿಷ ಅಂದ್ರಲ್ಲ, ಅದಕ್ಕ ತೋರಿಸ್ದೆ."

ಮುಖಕ್ಕೆ ಮುಖ ಕೊಟ್ಟು ಹೇಳಿದ. ಇಳಿದು ಬಂದು ಫಾರೆಸ್ಟಿನವರಿಗೆ ಫೋನ್ ಮಾಡಿದೆ.

ಜನವರಿ 30

ಜೀಪು ಬಂತು. ತಾಡಪಾಲು ತೆಗೆದು ಅಲ್ಲೇ ಪಂಜರ ಬಿಚ್ಚಿದರು. ಕೆಲವು ಗುಡ್ಡದ ಕಡೆ ಹಾರಿದವು. ರೆಕ್ಕೆ ಕತ್ತರಿಸಿದವು ಮಾಳಿಗೆಯ ನೆಲದ ಮೇಲೆ ಕೋಳಿಯ ಹಾಗೆ ನಡೆದಾಡಿದವು. ಹಾರಲು ನೋಡುವುದು, ಬೀಳುವುದು. ಅವನ್ನು ಬಟ್ಟೆ ಹೊದಿಸಿ ಜೀಪಿಗೆ ಹಾಕಿಕೊಂಡರು. ರೆಕ್ಕೆ ಬಲಿಯುವ ತನಕ ಇಟ್ಟುಕೊಂಡು ಬಿಡುತ್ತಾರಂತೆ.

ಹನುಮಂತು ಜೀಪು ಹತ್ತುವಾಗ ನನ್ನ ಕಡೆ ತಿರುಗಿದ. ನಾಚಿಕೆ ಇಲ್ಲ, ಹೆದರಿಕೆ ಇಲ್ಲ.

"ಕಾಳು ಹಾಕಿ ನೀವೂ ಕರೀತಿದ್ರಿ ಅಕ್ಕಾ. ನಾನೂ ಕರೀತಿದ್ದೆ."

ಆಫೀಸರು ತೆಲುಗಿನಲ್ಲಿ ಬುದ್ಧಿ ಹೇಳಿದರು. "ಗಿಂಜಲು ವೇಯಕಂಡಮ್ಮಾ." ಕಾಳು ಹಾಕಬೇಡಿ, ನೀವು ಹಾಕಿದ್ದಕ್ಕೇ ಇಷ್ಟು ಒಂದು ಕಡೆ ಸೇರಿದ್ದು ಅಂತ. ಮಾರಲು ಹಿಡಿದು ರೆಕ್ಕೆ ಕತ್ತರಿಸಿದವನಿಗೆ ಜೀಪಿನಲ್ಲಿ ಸೀಟು, ಊಟ ಹಾಕಿದವಳಿಗೆ ಬುದ್ಧಿವಾದ. ಓಣಿಯವರೆಲ್ಲ ತಲೆಯಾಡಿಸಿದರು. ಒಬ್ಬರಾದರೂ ಅವನಿಗೆ ಛೀ ಅನ್ನಲಿಲ್ಲ. ಪಾಪ ಹುಡುಗ, ಸಣ್ಣ ವಿಷಯಕ್ಕೆ ಜೀಪು ಕರೆಸಿದಳು ಅಂತ ನನ್ನ ಕಿವಿಗೇ ಬಿತ್ತು.

ಫೆಬ್ರವರಿ 5

ಕಾಳು ಹಾಕಿಲ್ಲ. ಆಫೀಸರು ಹೇಳಿದರೆಂದಲ್ಲ. ಕೈಗೆ ನವಣೆ ತೆಗೆದುಕೊಂಡರೆ ಆ ಮಾತು ಕಿವಿಗೆ ಬರುತ್ತದೆ. ನೀವೂ ಕರೀತಿದ್ರಿ.

ಉಳಿದ ಗಿಳಿಗಳು ಬಂದು ಬರಿ ಪ್ಯಾರಾಪೆಟ್ ಮೇಲೆ ಕೂತು ಕಿರುಚುತ್ತವೆ. ಮೆಟ್ಟಿಲ ಬಾಗಿಲು ಹಾಕಿಕೊಂಡು ಅಡುಗೆಮನೆಯಲ್ಲಿ ಕುಕ್ಕರ್ ಇಡುತ್ತೇನೆ. ಕೇಳುತ್ತದೆ.

ಓಬಣ್ಣ ಗೇಟಿಗೆ ಬಂದ. ಮತ್ತೆ ಪ್ಯಾಂಟು.

"ಕಾಳು ಹಾಕ್ರಿ ಅತ್ಲಾಗ. ಹಸ್ದು ನನ್ನ ಪ್ಯಾಂಟಿನ ದಾರ ಕಚ್ಚಾಕ ಹತ್ಯಾವ."

ನಗು ಬರಬೇಕಿತ್ತು, ಬರಲಿಲ್ಲ. ವಿಷ ಅಂದದ್ದು ತಪ್ಪಾಯಿತು ಅಂದೆ.

"ನನಗ ಅಂದ್ರ ಏನ್ ಬಂತ್ರಿ? ಅವತ್ತು ಯಾರ ಮುಂದ ಅಂದ್ರಿ, ಅವರ ಮುಂದ ಅನ್ರಿ."

ಹೋದೆ. ಮಿಷಿನ್‌ಗಳ ನಡುವೆ ನಿಂತು ಅಂದೆ. ದಿನಾ ಪಟಾಕಿ ಹಾರಿಸಿದ್ದು ತಪ್ಪಾಯಿತು ಅಂತ ಅವನು ಅನ್ನಲಿಲ್ಲ. ಗಂಗಕ್ಕ ಮಾತ್ರ ಎದ್ದು ಹೋಗಿ ಚಹಾ ತಂದಳು.

"ನಾವು ಒಣಹಾಕೋಕಿಂತ ಮೊದ್ಲು ಹಾಕಿ ಮುಗಿಸ್ರಿ. ಅಷ್ಟು ಮಾಡ್ರಿ ಸಾಕು," ಅಂದಳು.

ನಾಳೆಯಿಂದ ಹಾಗೇ.

ಫೆಬ್ರವರಿ 12

ಗಿಳಿಗಳು ಮತ್ತೆ ಧೈರ್ಯವಾಗಿ ಕೂರುತ್ತಿವೆ. ಪಟಾಕಿ ನಿಂತಿದೆ. ಪ್ಯಾಂಟಿಗೆ ಹಿಕ್ಕೆ ಬಿದ್ದರೆ ಓಬಣ್ಣ ಮೇಲಿನಿಂದಲೇ ಗೊಣಗುತ್ತಾನೆ. ಗೊಣಗಲಿ.

ಸಂಜೆ ತರಕಾರಿ ಅಂಗಡಿಯಲ್ಲಿ ಹನುಮಂತು. ದಂಡ ಕಟ್ಟಿಸಿಕೊಂಡು ಬಿಟ್ಟರಂತೆ. ಅಷ್ಟೇ. "ಚೆನ್ನಾಗಿದ್ದೀರಾ ಅಕ್ಕಾ? ಗಿಳಿ ಬರ್ತಾವಾ?" ಅಂದ, ಏನೂ ನಡೆದೇ ಇಲ್ಲ ಎಂಬಂತೆ. ಕೈಯಲ್ಲಿದ್ದ ಬದನೆಕಾಯಿ ಅಲ್ಲೇ ಬಿಟ್ಟು ಬಂದೆ.

ಫೆಬ್ರವರಿ 15, ಬೆಳಿಗ್ಗೆ

ಕಾಳು ಹಾಕಿ ಕೆಳಗೆ ಬಂದಿದ್ದೆ. ಗಂಗಕ್ಕ ಅವರ ಮಾಳಿಗೆಯಿಂದ ಕೂಗಿದಳು.

"ಶ್ರೀಲತಾ ಮೇಡಂ, ಟ್ಯಾಂಕಿನ ಹಿಂದ ಬಿದಿರು ಮತ್ತ ನಿಂತಾವ ನೋಡ್ರಿ."

ಓಡಿ ಮೇಲೆ ಹೋಗಿ ಹಾಕಿದ್ದ ಕಾಳೆಲ್ಲ ಸೆರಗಿಗೆ ಬಾಚಿಕೊಂಡೆ. ಗಿಳಿಗಳು ಬಂದೇ ಬಿಟ್ಟಿದ್ದವು. ಟವೆಲ್ ಬೀಸಿ ನಾನೇ ಓಡಿಸಿದೆ. ದೂರ ಹೋಗಲಿಲ್ಲ. ನನ್ನನ್ನು ಕಂಡರೆ ಅವಕ್ಕೆ ಭಯವಿಲ್ಲ.

ಫಾರೆಸ್ಟಿನವರಿಗೆ ಫೋನ್ ಮಾಡಿದೆ, ರಿಂಗ್ ಆಗುತ್ತಿದೆ, ಯಾರೂ ಎತ್ತುತ್ತಿಲ್ಲ. ಮಾರುತಿ ಹೋಗಬೇಡ ಅಂದ. ಅವರು ಫೋನ್ ಎತ್ತಲಿ, ಬಂದು ನೋಡಿಕೊಳ್ಳುತ್ತಾರೆ ಅಂತ. ಅವರು ಬರುವಷ್ಟರಲ್ಲಿ ಹನುಮಂತು ಎಷ್ಟು ರೆಕ್ಕೆ ಕತ್ತರಿಸಬೇಕು? ಅವನ ಬಾಗಿಲಿಗೆ ಹೋಗುತ್ತೇನೆ. ಬಲೆ ನನ್ನ ಕೈಯಿಂದಲೇ ಕಿತ್ತು ತರುತ್ತೇನೆ. ಕೇಸು ಹಾಕುವುದಾದರೆ ನನ್ನ ಮೇಲೆ ಹಾಕಲಿ.

ಗಂಗಕ್ಕ ಗೇಟಿನಲ್ಲಿ ನಿಂತಿದ್ದಾಳೆ. "ಒಬ್ಬಾಕಿನ ಹೋಗಬ್ಯಾಡ್ರಿ. ಮಿಷಿನ್ ಬಂದ್ ಮಾಡ್ಸಿ ಬಂದೀನಿ, ಎಲ್ಲಾರೂ ಬರ್ತಾರ," ಅನ್ನುತ್ತಿದ್ದಾಳೆ. ಅವಳ ಹಿಂದೆ ಹೊಲಿಗೆಯ ಹೆಣ್ಣುಮಕ್ಕಳು. ಒಬ್ಬಳ ಕೈಯಲ್ಲಿ ಕತ್ತರಿ.

ಚಪ್ಪಲಿ ಹಾಕಿಕೊಂಡೇ ಬರೆಯುತ್ತಿದ್ದೇನೆ. ಹೋಗಿ ಬಂದು—