ಎಂಟು ದಿನ ಕೂತಿದ್ದ ಹಕ್ಕಿ

ಮನೆ,
ನವೆಂಬರ್ ೨೪, ಸೋಮವಾರ ಮಧ್ಯಾಹ್ನ

ಮುದ್ದಿನ ಮಗಳೇ,

ಕೆಮ್ಮು ಹೇಗಿದೆ? ಪೂರ್ತಿ ವಾಸಿಯಾಯಿತು ಅಂತ ಬರೆಯಬೇಡ, ನಿನ್ನ ‘ಪೂರ್ತಿ’ ಎಷ್ಟು ಅಂತ ನನಗೆ ಗೊತ್ತು. ಲೋಕದ ಗಿಡಮರಗಳನ್ನೆಲ್ಲ ನೋಡಿಕೊಳ್ಳುವವಳನ್ನು ಅಲ್ಲಿ ನೋಡಿಕೊಳ್ಳುವವರು ಯಾರು? ಹೊತ್ತಿಗೆ ಸರಿಯಾಗಿ ಊಟ ಮಾಡು.

ನೀನು ಒಪ್ಪಿಸಿಹೋದ ಕೆಲಸ ನಾನು ಒಂದು ದಿನವೂ ತಪ್ಪಿಸಿಲ್ಲ. ಬೆಳಿಗ್ಗೆ ಹಿತ್ತಲ ಬಾಗಿಲಿನಿಂದ ಕೊನೆಯ ಕಂಬದವರೆಗೆ ಬೇಲಿಯ ಪಕ್ಕದಲ್ಲೇ ನಡೆದು, ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಎಲೆ ಮುಕ್ಕಾಲು ಪಾಲು ಉದುರಿದೆ. ಬಳ್ಳಿಯ ಒಣಕಾಯಿಗಳು ಕೈ ತಾಗಿದರೆ ಗಿಲಗಿಲ ಅನ್ನುತ್ತವೆ. ಮುಳ್ಳುಗಿಡದಲ್ಲಿ ಉಳಿದ ನಾಲ್ಕು ಹಣ್ಣಿಗೆ ಹಕ್ಕಿಗಳ ಗಲಾಟೆಯೋ ಗಲಾಟೆ. ಅಳಿಲೊಂದು ನನ್ನನ್ನು ಕಂಡಾಗಲೆಲ್ಲ ಬೈಯುತ್ತದೆ. ನಿನ್ನಮ್ಮ ಹೋದ ಮೇಲೆ ನನ್ನನ್ನು ಬೈಯಲು ಉಳಿದಿರುವುದು ಅದೊಂದೇ.

ಒಂದು ತಮಾಷೆ ಕೇಳು. ಬೇಲಿಯ ನಡುವಿನ ಕೊಂಬೆಯಲ್ಲಿ ಬೂದು ಹಕ್ಕಿಯೊಂದು ಎಂಟು ದಿನದಿಂದ ಕೂತಿತ್ತು. ‘ಗಂಭೀರ ಸ್ವಭಾವ, ಮನುಷ್ಯರಿಗೆ ಹೆದರುವುದಿಲ್ಲ’ ಅಂತ ಬರೆದೂ ಇಟ್ಟೆ. ಮಾತಾಡಲು ಬೇರೆ ಯಾರಿದ್ದಾರೆ, ದಿನಾ ನಿಂತು ಅದಕ್ಕೆ ನಿನ್ನ ಸುದ್ದಿ ಹೇಳುತ್ತಿದ್ದೆ. ನಿನ್ನೆ ಹತ್ತಿರ ಹೋಗಿ ಕೈ ಚಾಚಿದರೆ, ಮುದುರಿದ ಒಣ ಎಲೆ! ಪಕ್ಕದ ಮನೆಯ ದರ್ಜಿ ಬಿದ್ದೂ ಬಿದ್ದೂ ನಕ್ಕರು. “ಏನ್ ಯಜಮಾನ್ರೇ, ಮೊಟ್ಟೆ ಇಡುತ್ತೆ ಅಂತ ಕಾಯ್ತಿದ್ರಾ?” ನಾನೂ ನಕ್ಕೆ. ಒಳಗೆ ಬಂದು ಕುಳಿತ ಮೇಲೆ ನಗು ಬರಲಿಲ್ಲ. ನಲವತ್ತು ವರ್ಷ ವಾಚುಗಳೊಳಗೆ ಸಾಸಿವೆಗಿಂತ ಚಿಕ್ಕ ತಿರುಪು ಕೂರಿಸಿದ ಕಣ್ಣು ಇದು. ಭಯವಾಯಿತು ಮಗಳೇ. ಆ ಎಂಟು ಸಾಲನ್ನೂ ಹೊಡೆದುಹಾಕಿದ್ದೇನೆ. ಅಕ್ಷರ ಇಷ್ಟು ದಪ್ಪಗೆ ಯಾಕೆ ಅಂತ ಕೇಳಬೇಡ.

ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ನಾನು ಕೇಳಿದೆ ಅಂತ ಹೇಳು. ಚಳಿಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ತಿರುಗು. ನಿನಗೆ ಎಲ್ಲ ಒಳ್ಳೆಯದೇ ಆಗಲಿ.

ನಿನ್ನ
ಅಪ್ಪ

ತಾ.ಕ.: ಇದನ್ನು ಮೊದಲೇ ಬರೆಯಬೇಕಿತ್ತು, ಧೈರ್ಯ ಬರಲಿಲ್ಲ. ಅಂಗಡಿ ಮುಚ್ಚಿ ಒಂದು ತಿಂಗಳಾಯಿತು. ಕಣ್ಣಿನ ಡಾಕ್ಟರು ಮುಂದಿನ ತಿಂಗಳು ಆಪರೇಷನ್ ಅಂದಿದ್ದಾರೆ. ದೃಷ್ಟಿ ಉಳಿಯುತ್ತದೆ ಅಂತ ಮಾತು ಕೊಟ್ಟಿಲ್ಲ. ನನಗೋಸ್ಕರ ಕೆಲಸ ಬಿಟ್ಟು ಓಡಿಬರಬೇಡ ಅಂತ ಹೇಳಿದವನು ನಾನೇ, ಆ ಮಾತು ವಾಪಸ್ ತೆಗೆದುಕೊಂಡಿದ್ದೇನೆ. ಆಪರೇಷನ್‌ಗೆ ಮೊದಲು ಒಮ್ಮೆ ಬಾ. ಹಗಲಿನ ಬಸ್ಸಿಗೇ ಬಾ. ಬೆಳಕು ಚೆನ್ನಾಗಿದ್ದು, ನೀನು ಹತ್ತಿರ ಕೂತರೆ, ಮುಖ ಇನ್ನೂ ಕಾಣುತ್ತದೆ.